ಹಿಮದ ಗುರುತಿನ ಟೈರು

ಹೋದ ತಿಂಗಳು ನಮ್ಮ ದನದ ದವಾಖಾನೆಗೆ ಹೊಸದಾಗಿ ಬಂದ ಡಾಕ್ಟರರೊಬ್ಬರು ಊಟದ ಹೊತ್ತಿಗೆ ತಮ್ಮ ಮೊಬೈಲನ್ನು ನನ್ನ ಮುಂದೆ ಹಿಡಿದು, "ಮೇಡಂ, ಈ ಟೈರ್ ಹೆಂಗ್ರಿ? ನನ್ನ ಜೀಪಿಗೆ ಹಾಕಸಬೇಕಂತ ಮಾಡೀನಿ" ಎಂದರು. ನೋಡಿದೆ. ಟೈರಿನ ಪಕ್ಕೆಯ ಮೇಲೆ ಮೂರು ಶಿಖರದ ಒಂದು ಪುಟ್ಟ ಗುಡ್ಡ, ಅದರ ಹೊಟ್ಟೆಯೊಳಗೆ ಒಂದು ಹಿಮದ ಹೂವು. ಹೇಳಬೇಕಾದದ್ದು ಬೇಕಾದಷ್ಟಿತ್ತು. ಆದರೆ "ಚಂದ ಐತಿ" ಎಂದಷ್ಟೇ ಹೇಳಿ ಕೈ ತೊಳೆಯಲು ಎದ್ದುಹೋದೆ. ನಲ್ಲಿಯ ಮುಂದೆ ನಿಂತಾಗ ಮುಖ ಕಾದಿತ್ತು. ಐದು ವರ್ಷವಾಯಿತು, ಇನ್ನೂ ಹೇಡಿಯಾಗಿಯೇ ಉಳಿದೆಯಲ್ಲ ಎಂದು ನನ್ನನ್ನೇ ಬೈದುಕೊಂಡೆ.

ಐದು ವರ್ಷದ ಹಿಂದಿನ ಆ ಹಿಂಗಾರಿಯ ಕಥೆಯನ್ನು ನಾನು ಅಲ್ಲಿಯತನಕ ಯಾರಿಗೂ ಪೂರ್ತಿ ಹೇಳಿರಲಿಲ್ಲ. ಗಂಡನಿಗೆ ಅರ್ಧ ಹೇಳಿದ್ದೆ, ಅದೂ ನನಗೆ ಅನುಕೂಲವಾದ ಅರ್ಧ. ಇನ್ನುಳಿದ ಅರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಗ ನನ್ನ ನೌಕರಿ ಬಬಲೇಶ್ವರದ ಕಡೆ ಇತ್ತು. ಮನೆ ವಿಜಯಪುರದ ಜಲನಗರದಲ್ಲಿ. ಟಿಕೋಟಾ ಕಡೆಯ ಡಾಕ್ಟರರ ಕುರ್ಚಿ ಖಾಲಿ ಇದ್ದುದರಿಂದ ಆ ಹಳ್ಳಿಗಳೂ ನನ್ನ ಕೊರಳಿಗೇ ಬಿದ್ದಿದ್ದವು. ಸ್ಕೂಟರಿನ ಮೇಲೆ ಔಷಧದ ಚೀಲ ಕಟ್ಟಿಕೊಂಡು ಬೆಳಗಿನಿಂದ ಸಂಜೆಯತನಕ ತಿರುಗುತ್ತಿದ್ದೆ. ಹೊಲದ ನಡುವಿನ ಮನೆ, ಯಾವುದೋ ವಸ್ತಿಯಲ್ಲಿ ಎಮ್ಮೆಯೊಂದು ಈಯಲಾರದೆ ಒದ್ದಾಡುತ್ತಿರುತ್ತಿತ್ತು. ನಾನು ಹೋಗಿ ಇಳಿದರೆ ಮನೆಯ ಹಿರಿಯರು ನನ್ನ ಹಿಂದೆ ಇನ್ನೂ ಯಾರಾದರೂ ಬರುತ್ತಿದ್ದಾರೇನೋ ಎಂದು ದಾರಿ ನೋಡಿ, "ಗಂಡ ಡಾಕ್ಟರ್ ಯಾರಿಲ್ಲೇನ್ರಿ?" ಎನ್ನುತ್ತಿದ್ದರು. ಮೊದಲೇ ನನಗೆ ಮೂಗಿನ ತುದಿಯಲ್ಲಿ ಸಿಟ್ಟು. ಅವರ ಎದುರೇ ಕೈಗೆ ಉದ್ದನೆಯ ಗವಸು ಏರಿಸಿ, ಕರುವನ್ನು ಹೊರಗೆಳೆದು ನೆಲಕ್ಕೆ ಮಲಗಿಸಿ, "ಗಂಡ ಡಾಕ್ಟರ್ ಬಂದಿದ್ರ ಎರಡ ಹುಟ್ಟತಿದ್ವೇನ್ರಿ?" ಎಂದು ಕೇಳಿ ಬರುತ್ತಿದ್ದೆ. ಅಂಥ ಮಾತು ಆಡಿ ಬಂದ ದಿನ ಊಟ ರುಚಿಸುತ್ತಿತ್ತು.

ಆ ಬೇಸಗೆಯಲ್ಲಿ ಹಳೆಯದೊಂದು ಜೀಪು ಕೊಂಡೆ. ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಹೋಗುವಂಥದ್ದು. ಗಾಡಿ ಗಟ್ಟಿ ಇತ್ತು, ಟೈರು ಮಾತ್ರ ಸವೆದು ನುಣ್ಣಗಾಗಿದ್ದವು. ಹೊಸ ಟೈರು ಆರಿಸುವ ನೆಪದಲ್ಲಿ ಒಂದು ತಿಂಗಳು ಪರೀಕ್ಷೆಗೆ ಓದಿದ ಹಾಗೆ ಓದಿದೆ. ಟೈರಿನ ಪಕ್ಕೆಯ ಅಂಕಿಗಳಿಗೆ ಏನರ್ಥ, ಅಗಲ ಎಷ್ಟಿದ್ದರೆ ಏನು, ಅಚ್ಚು ಎಷ್ಟು ಆಳ ಇರಬೇಕು, ಎಲ್ಲ ಬಾಯಿಪಾಠವಾಯಿತು. ಮೊಬೈಲಿನಲ್ಲಿ ವಿಡಿಯೋಗಳ ಮೇಲೆ ವಿಡಿಯೋ ನೋಡಿದೆ. ಎಲ್ಲಿಯದೋ ಬೆಟ್ಟ, ಮೊಣಕಾಲುಮಟ ಹಿಮ, ಅದರಲ್ಲಿ ನನ್ನದರಂಥದೇ ಒಂದು ಜೀಪು ಬೆಣ್ಣೆಯಲ್ಲಿ ಚಾಕು ಆಡಿಸಿದಂತೆ ಹೋಗುತ್ತಿತ್ತು. ಆ ಟೈರು ಕಲ್ಲು, ಮರಳು, ಹಿಮ, ಕೆಸರು ಎಲ್ಲಕ್ಕೂ ಸೈ ಎಂದು ವಿಡಿಯೋದವನು ಹೇಳಿದ. ನಾನು ನಂಬಿದೆ. ನಂಬುವುದಕ್ಕೇ ಕುಳಿತಿದ್ದೆ ಅನ್ನಿ.

ಅಥಣಿ ರಸ್ತೆಯ ಬದಿಗೆ ದಸ್ತಗೀರ್ ಚಾಚಾನ ಟೈರಿನ ಅಂಗಡಿ. ಅರವತ್ತು ದಾಟಿದ ತೆಳ್ಳನೆಯ ಮನುಷ್ಯ. ಮೊಣಕೈತನಕ ರಬ್ಬರಿನ ಕರಿ, ತಲೆಯ ಮೇಲಿನ ಬಿಳಿ ಟೊಪ್ಪಿಗೆಗೆ ಮಾತ್ರ ಒಂದು ಕಲೆಯೂ ಇಲ್ಲ. ಗಿರಾಕಿಗಳನ್ನು ಬೈದೇ ವ್ಯಾಪಾರ ಮಾಡುತ್ತಿದ್ದ. ತನಗೆ ತಿಳಿದಷ್ಟು ಟೈರಿನ ವಿದ್ಯೆ ಈ ಜಿಲ್ಲೆಯಲ್ಲಿ ಇನ್ನಾರಿಗೂ ತಿಳಿದಿಲ್ಲ ಎಂಬ ಜಂಬವೂ ಅವನಿಗಿತ್ತು. ಟಿಕೋಟಾ ಕಡೆಯ ದ್ರಾಕ್ಷಿ ತೋಟದವರು ಟ್ರ್ಯಾಕ್ಟರಿಗೆ ಟೈರು ಬೇಕೆಂದರೆ ಅವನಲ್ಲಿಗೇ ಬರುತ್ತಿದ್ದರು, ಬೈಸಿಕೊಂಡು ಹೋಗುತ್ತಿದ್ದರು, ಮತ್ತೆ ಬರುತ್ತಿದ್ದರು.

ನಾನು ಬರೆದುಕೊಂಡು ಹೋಗಿದ್ದ ಚೀಟಿಯನ್ನು ದೂರ ಹಿಡಿದು ಓದಿ ಕೇಳಿದ, "ಬಾಯಾರ, ಗಾಡಿ ಎಲ್ಲೆ ಓಡಸವ್ರು?"

"ಬಬಲೇಶ್ವರ, ಟಿಕೋಟಾ ಕಡೆ."

"ಡಾಂಬರದಾಗೋ, ಎರಿಯೊಳಗೋ?"

"ಎರಡರಾಗೂ."

"ಎರಡರಾಗೂ ಅನ್ನೂ ಟೈರ್ ಇನ್ನಾ ಹುಟ್ಟಿಲ್ರಿ. ಎರಡರಾಗೂ ಅಂತ ಹೇಳಿ ಮಾರೂ ಮಂದಿ ಹುಟ್ಯಾರ."

ನಾನು ಹೇಳಿದ ಟೈರು ಅವನಲ್ಲಿ ಒಂದು ಜೋಡಿ ಇತ್ತು, ಇನ್ನೊಂದು ಜೋಡಿ ಸಂಜೆಯೊಳಗೆ ತರಿಸಬಹುದಿತ್ತು. ಅದನ್ನು ಉರುಳಿಸಿಕೊಂಡು ಬಂದು ಪಕ್ಕೆಯ ಗುರುತಿನ ಮೇಲೆ ಬೆರಳಿಟ್ಟ. "ಇದು ಹಿಮದ ಗುರ್ತರಿ. ಹಿಮದಾಗ ಓಡ್ತೈತಿ ಅಂತ ಅರ್ಥ. ನಮ್ಮ ವಿಜಾಪುರದಾಗ ಹಿಮಾ ಬೀಳೂದು ಫ್ರಿಜ್ಜಿನ್ಯಾಗ ಅಷ್ಟರಿ." ಅಂಗಡಿಯಲ್ಲಿ ಚಹಾ ಕುಡಿಯುತ್ತ ಕುಳಿತಿದ್ದ ಇಬ್ಬರು ತೋಟದವರು ನಕ್ಕರು. ನನಗೂ ನಗು ಬರಬೇಕಿತ್ತು, ಬರಲಿಲ್ಲ.

ಆಮೇಲೆ ಅವನು ಒಳಗೆ ಹೋಗಿ ಒಡಕು ಬಕೆಟ್ಟೊಂದನ್ನು ತಂದ. ಅದರಲ್ಲಿ ನಮ್ಮ ಹೊಲಗಳ ಅಂಟು ಕರಿಮಣ್ಣು, ಎರೆಮಣ್ಣು ನೆನೆಹಾಕಿಟ್ಟಿದ್ದ. ಹೊಸ ಟೈರು ಕೊಳ್ಳಲು ಬಂದ ರೈತರಿಗೆಲ್ಲ ಅವನ ಅಪ್ಪನ ಕಾಲದಿಂದ ಮಾಡಿ ತೋರಿಸುತ್ತ ಬಂದ ಪರೀಕ್ಷೆ ಅದಂತೆ. ಒಂದು ಹಿಡಿ ಮಣ್ಣು ತೆಗೆದು ನನ್ನ ಟೈರಿನ ಅಚ್ಚಿಗೆ ಹಚ್ಚಿ ಅಂಗೈಯಿಂದ ಒತ್ತಿದ. ಇನ್ನೊಂದು ಹಿಡಿಯನ್ನು ಮೂಲೆಯಲ್ಲಿದ್ದ ಹಳೆಯ ಜೀಪಿನ ಸಣ್ಣ ಟೈರಿಗೆ ಒತ್ತಿದ. ಅದು ಅಗಲ ಕಡಿಮೆ, ಅಚ್ಚಿನ ಹಲ್ಲು ದೊಡ್ಡವು, ಹಲ್ಲಿನಿಂದ ಹಲ್ಲಿಗೆ ನಾಲ್ಕು ಬೆರಳು ಸಂದು. ಎರಡನ್ನೂ ನೆಲಕ್ಕೆ ಕುಕ್ಕಿದ. ಸಣ್ಣ ಟೈರಿನ ಮಣ್ಣು ಉದುರಿತು. ನನ್ನದರ ಮಣ್ಣು ಮಿಸುಕಲಿಲ್ಲ.

"ತೆಗೀರಿ ನೋಡೂಣು" ಎಂದ.

ಬೆರಳಿನಿಂದ ಕೆದರಿದೆ. ಉಗುರಿನಿಂದ ಕೆದರಿದೆ. ಹಿಮ ಹಿಡಿಯಲೆಂದು ಅಚ್ಚಿನ ಮೇಲೆ ಕೂದಲೆಳೆಯಂಥ ಗೆರೆಗಳನ್ನು ಕೊರೆದಿರುತ್ತಾರಲ್ಲ, ಅವೇ ಮಣ್ಣನ್ನು ಕಚ್ಚಿ ಹಿಡಿದಿದ್ದವು. "ನೋಡ್ರಿ, ಹಿಮಕ್ಕ ಹಿಡಿಯೂ ಟೈರ್ ಬೇಕು. ಎರಿಗೆ ಬಿಡೂ ಟೈರ್ ಬೇಕು. ಅಗಲ ಟೈರಿಗೆ ಎರಿ ಮೆತ್ತಿದ್ರ ಅದು ಟೈರ್ ಅಲ್ಲರಿ, ಒಳ್ಳೆ ರೊಟ್ಟಿ ಬಡದಂಗ ಆಗ್ತೈತಿ. ಸಣ್ಣವು ಸೊಲ್ಲಾಪುರದಿಂದ ಬರಬೇಕು. ಎಂಟ ದಿನಾ ತಡೀರಿ."

ಅಷ್ಟಕ್ಕೇ ಬಿಟ್ಟಿದ್ದರೆ ನಾನು ಒಪ್ಪುತ್ತಿದ್ದೆನೇನೋ. ಆದರೆ ಚಹಾ ಕುಡಿಯುತ್ತಿದ್ದವರಲ್ಲಿ ಒಬ್ಬ, "ಟೈರಿನ ಲೆಕ್ಕ ಬಾಯಾರಿಗೆ ಹೆಂಗ ಗೊತ್ತಾಗಬೇಕೋ ಚಾಚಾ? ಅವ್ರ ಯಜಮಾನ್ರನ್ನ ಕರಸು" ಎಂದ. ಚಾಚಾ ಅವನ ಮಾತಿಗೆ ನಗಲೂ ಇಲ್ಲ, ಹೂಂ ಅನ್ನಲೂ ಇಲ್ಲ. ಆದರೂ ನನ್ನ ಸಿಟ್ಟು ಹೋಗಿ ಕುಳಿತದ್ದು ಚಾಚಾನ ತಲೆಯ ಮೇಲೆ. ಉಗುರಿನ ಸಂದಿಯಲ್ಲಿ ಕರಿಮಣ್ಣು ತುಂಬಿಕೊಂಡು ಮೂವರು ಗಂಡಸರ ಮುಂದೆ ನಿಂತಿದ್ದೆ. ಓದಿದ್ದೆಲ್ಲ ನೀರುಪಾಲಾಗುತ್ತಿದೆ ಅನ್ನಿಸಿತು.

"ನನ್ನ ಗಾಡಿ. ನಾ ಹೇಳಿದ್ದ ಹಾಕ್ರಿ" ಎಂದೆ.

ಚಾಚಾ ಕೈ ಒರೆಸಿಕೊಂಡ. "ಹಾಕ್ತೀನ್ರಿ. ಜಿದ್ದಿಗೆ ಬಿದ್ದವ್ರಿಗೆ ಹೇಳಿ ಏನ್ ಮಾಡೂದೈತಿ. ಒಂದ ಮಾತ ಕೇಳ್ರಿ. ಮಳಿ ಆದ ಮ್ಯಾಲ ಗಾಡಿ ಎರಿಯೊಳಗ ಇಳಸಬ್ಯಾಡ್ರಿ. ಡಾಂಬರದ ಮ್ಯಾಲ ನಿಲ್ಲಿಸಿ ನಡಕೋತ ಹೋಗ್ರಿ. ನಮ್ಮ ಕಡೆ ಜೀಪಿನವ್ರು, ಬಸ್ಸಿನವ್ರು ಎಲ್ಲಾರೂ ಹಂಗ ಮಾಡ್ತಾರ. ನಡಕೋತ ಹೋದ್ರ ಯಾರ ಮರ್ಯಾದಿನೂ ಹೋಗೂದಿಲ್ಲ."

ಮುಂದಿನ ಎರಡು ತಿಂಗಳು ನಾನು ನೆಲದ ಮೇಲೆ ಇರಲಿಲ್ಲ. ಮಳೆ ಹಿಂದೆ ಬಿದ್ದಿತ್ತು, ದಾರಿ ಒಣಗಿತ್ತು, ಟೈರು ಸೊಗಸಾಗಿ ಓಡಿದವು. ಹಳ್ಳಿಯಲ್ಲಿ ಜೀಪು ನಿಲ್ಲಿಸಿದರೆ ಜನ ಬಂದು ಟೈರು ಮುಟ್ಟಿ ನೋಡುತ್ತಿದ್ದರು. ಗಂಡ ಡಾಕ್ಟರನ್ನು ಕೇಳುವವರು ಕಡಿಮೆಯಾದರು, ಅಥವಾ ನನಗೆ ಹಾಗೆ ಅನ್ನಿಸುತ್ತಿತ್ತು. ಅಥಣಿ ರಸ್ತೆಯಲ್ಲಿ ಹೋಗುವಾಗ ಚಾಚಾನ ಅಂಗಡಿಯ ಮುಂದೆ ಬೇಕೆಂದೇ ಹಾರ್ನ್ ಹೊಡೆಯುತ್ತಿದ್ದೆ. ಅವನು ಕೈ ಎತ್ತುತ್ತಿದ್ದ.

ಆಮೇಲೆ ಹಸ್ತಾ ಮಳೆ ಹಿಡಿಯಿತು. ಎರಡು ದಿನ ಬಿಡುವಿಲ್ಲದೆ ಸುರಿಯಿತು. ಎರೆಹೊಲದವರಿಗೆ ಅದು ಬಂಗಾರದ ಮಳೆ. ನೆಲ ನೀರು ಕುಡಿದು ಹದಕ್ಕೆ ಬಂದರೆ ಹಿಂಗಾರಿ ಜೋಳ ಬಿತ್ತಬೇಕು. ಆ ಹದ ಬರುವತನಕ ಮಾತ್ರ ಹೊಲಕ್ಕೆ ಮನುಷ್ಯನೂ ಕಾಲಿಡುವುದಿಲ್ಲ, ಎತ್ತನ್ನೂ ಇಳಿಸುವುದಿಲ್ಲ. ಮೂರನೆಯ ದಿನ ಮಧ್ಯಾಹ್ನ ನಾನು ಟಿಕೋಟಾದಲ್ಲಿದ್ದೆ. ಘೋಣಸಗಿಯಿಂದ ಸಂಗಪ್ಪನ ಫೋನು ಬಂತು. ಅವನದು ಊರ ಹೊರಗಿನ ವಸ್ತಿ, ದ್ರಾಕ್ಷಿ ತೋಟ, ನಾಲ್ಕು ಎಮ್ಮೆ. ಎಮ್ಮೆಗಳೆಲ್ಲ ಅವನ ಹೆಂಡತಿ ಗೌರವ್ವನ ಕೈಯಲ್ಲಿ ಬೆಳೆದವು.

"ಬಾಯಾರ, ನಮ್ಮ ಮಣಕ ಈಯಾಕ ಕುಂತೈತ್ರಿ. ಚೊಚ್ಚಲು. ಕಾಲ ಒಂದ ಕಾಣಾಕತ್ತೈತಿ, ತಲಿ ಕಾಣವಲ್ದು. ಲಗೂನ ಬರ್ರಿ. ಗಾಡಿ ರಸ್ತಾದಾಗ ಬಿಡ್ರಿ. ನಾ ಎದುರ ಬಂದು ಚೀಲಾ ಹಿಡೀತೀನಿ."

"ನೀ ಎಮ್ಮಿ ಕಡೆ ಇರು. ನನ್ನ ಗಾಡಿ ಬರ್ತೈತಿ" ಎಂದೆ.

ಡಾಂಬರು ರಸ್ತೆಯಿಂದ ಅವರ ವಸ್ತಿಗೆ ಬಂಡಿ ದಾರಿ. ರಸ್ತೆಯ ಬದಿಯಲ್ಲಿ ಆಗಲೇ ಒಂದು ಟೆಂಪೋ, ಮೂರು ಮೋಟರ್‌ಸೈಕಲ್ಲು ನಿಂತಿದ್ದವು. ಅವುಗಳ ಒಡೆಯರು ಚಪ್ಪಲಿ ಕೈಯಲ್ಲಿ ಹಿಡಿದು ನಡೆದುಹೋದ ಹೆಜ್ಜೆಗಳೂ ಕೆಸರಿನಲ್ಲಿ ಕಾಣುತ್ತಿದ್ದವು. ಅವುಗಳನ್ನು ನೋಡಿಕೊಂಡೇ ಜೀಪನ್ನು ಎಡಕ್ಕೆ ತಿರುಗಿಸಿ ಕೆಳಗಿಳಿಸಿದೆ. ಒಂದಿಷ್ಟು ದೂರ ಗಾಡಿ ಹೋಯಿತು. ಆಮೇಲೆ ಸ್ಟೀರಿಂಗ್ ತಿರುಗಿಸಿದ ಕಡೆ ಗಾಡಿ ಹೋಗಲಿಲ್ಲ, ತನಗೆ ಬೇಕಾದ ಕಡೆ ಜಾರಿತು. ಇಳಿದು ನೋಡಿದರೆ ಟೈರಿನಲ್ಲಿ ಅಚ್ಚೇ ಇಲ್ಲ. ನಾಲ್ಕೂ ಗಾಲಿ ಕರಿಮಣ್ಣಿನ ಉಂಡೆ. ಗಾಲಿಗೂ ಮೇಲಿನ ತಗಡಿಗೂ ನಡುವೆ ಮಣ್ಣು ಗಿಡಿದು, ಎಂಜಿನ್ ಕೂಗಿದರೂ ಗಾಲಿ ತಿರುಗದಂತಾಗಿತ್ತು.

ಅಲ್ಲಿಂದಲೇ ನಡೆಯಬಹುದಿತ್ತು. ಚೀಲ ಹೆಗಲಿಗೆ ಹಾಕಿಕೊಂಡು ಹೊರಟಿದ್ದರೆ ಅರ್ಧ ಗಂಟೆಯಲ್ಲಿ ಎಮ್ಮೆಯ ಹತ್ತಿರ ಇರುತ್ತಿದ್ದೆ. ನಾನು ಹೋಗಲಿಲ್ಲ. ಆ ದಾರಿಯ ನಡುವೆ, ಎಲ್ಲರ ಕಣ್ಣಿಗೆ ಬೀಳುವ ಹಾಗೆ ಜೀಪನ್ನು ಬಿಟ್ಟು ನಡೆದುಬಂದಳು ಅನ್ನಿಸಿಕೊಳ್ಳುವುದು ನನಗೆ ಬೇಡವಾಗಿತ್ತು. ಸ್ಪ್ಯಾನರಿನಿಂದ ಮಣ್ಣು ಕೆರೆದೆ, ಕೈಯಿಂದ ಕಿತ್ತೆ. ಒಂದು ಗಾಲಿ ಬಿಡಿಸುವಷ್ಟರಲ್ಲಿ ಮಳೆ ಮತ್ತೆ ಹನಿಯಿತು. ಹತ್ತು ಅಡಿ ಮುಂದೆ ಹೋಗಿ ಗಾಡಿ ಮತ್ತೆ ನಿಂತಿತು. ಸಂಗಪ್ಪ ಎರಡು ಸಲ ಫೋನು ಮಾಡಿದ. "ಎಲ್ಲಿ ಅದೀರಿ ಬಾಯಾರ?" ಎರಡು ಸಲವೂ "ಬಂದೆ, ಇನ್ನ ಹತ್ತ ಮಿನಿಟು" ಎಂದೆ. ಮೂರನೆಯ ಸಲ ಅವನು ಫೋನು ಮಾಡಲಿಲ್ಲ, ತಾನೇ ಓಡಿಬಂದ. ನನ್ನನ್ನು, ಜೀಪನ್ನು ನೋಡಿದ, ಚೀಲ ಕಿತ್ತುಕೊಂಡು ಮುಂದೆ ನಡೆದ. ಜೀಪಿನ ಹತ್ತಿರ ನಾನು ಕಳೆದದ್ದು ಒಂದೂವರೆ ಗಂಟೆ.

ಕರು ತಲೆಯನ್ನು ಹಿಂದಕ್ಕೆ ಹೊರಳಿಸಿಕೊಂಡಿತ್ತು. ಅದು ದೊಡ್ಡ ವಿದ್ಯೆಯೇನಲ್ಲ. ಒಳಗೆ ಕೈಹಾಕಿ ತಲೆಯನ್ನು ದಾರಿಗೆ ತಂದರೆ ಕರು ಬರುತ್ತದೆ. ತಂದೆ, ಬಂತು. ಹೆಣ್ಣುಗರು. ಮೂಗು ಒರೆಸಿದೆ, ಎದೆ ತಿಕ್ಕಿದೆ, ಹಿಂಗಾಲು ಹಿಡಿದು ತಲೆಕೆಳಗು ಮಾಡಿದೆ. ಮೈ ಇನ್ನೂ ಬಿಸಿ ಇತ್ತು, ಉಸಿರು ಇರಲಿಲ್ಲ. ಗೌರವ್ವ ಎಮ್ಮೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದಳು. "ಈಗರೇ ಹೊಟ್ಟ್ಯಾಗ ಒದೀತಿತ್ತಲ್ಲರಿ" ಎಂದಳು. ನನಗೆ ಹೇಳಿದಳೋ ಎಮ್ಮೆಗೆ ಹೇಳಿದಳೋ ತಿಳಿಯಲಿಲ್ಲ.

ಎಮ್ಮೆ ಉಳಿಯಿತು. ಕೈ ತೊಳೆದುಕೊಂಡು ಹೊರಗೆ ಬಂದಾಗ ಅಂಗಳದಲ್ಲಿ ಸುತ್ತಲಿನ ವಸ್ತಿಗಳ ಜನ, ಒಂದು ಇಪ್ಪತ್ತು ಮಂದಿ, ನಿಂತಿದ್ದರು. ಒಬ್ಬ ಹಿರಿಯರು ಕೇಳಿದರು, "ಅಷ್ಟ ದೊಡ್ಡ ಗಾಡಿ, ಅಷ್ಟ ದೊಡ್ಡ ಟೈರ. ಹೆಂಗ ಸಿಕ್ಕೀತ್ರಿ ಬಾಯಾರ?" ಅದರಲ್ಲಿ ಚುಚ್ಚುಮಾತು ಇರಲಿಲ್ಲ. ನನ್ನ ಬಾಯಿ ಮಾತ್ರ ನನಗಿಂತ ಮೊದಲು ಓಡಿತು.

"ನಾ ಏನ್ ಮಾಡ್ಲಿರಿ? ನಾ ಕೆಸರಾಗ ಓಡೂ ಟೈರ್ ಕೇಳಿದ್ದೆ. ಆ ದಸ್ತಗೀರ್ ಚಾಚಾ ಬ್ಯಾರೆ ಟೈರ್ ಹಾಕಿ ಕಳಿಸ್ಯಾನ. ಹೆಣ್ಮಗಳು, ಇಕಿಗೇನ್ ತಿಳೀತೈತಿ ಅಂತ ಮೋಸಾ ಮಾಡ್ಯಾನ."

ಜನ ತಲೆ ಅಲ್ಲಾಡಿಸಿದರು. ಇಪ್ಪತ್ತು ಮಂದಿಯ ಕಣ್ಣಿನಲ್ಲಿ ನಾನು ತಪ್ಪಿತಸ್ಥೆಯಾಗಿ ಉಳಿಯಲಿಲ್ಲ. ಸಂಗಪ್ಪ ಎತ್ತು ಕಟ್ಟಿ ಜೀಪನ್ನು ರಸ್ತೆಗೆ ಎಳೆಸಿಕೊಟ್ಟ. ನಿಜ ಹೇಳಬೇಕೆಂದರೆ ಮನೆಗೆ ಹೋಗುವ ದಾರಿಯಲ್ಲಿ ನನಗೆ ಹಗುರವಾಗಿತ್ತು. ಆ ಹಗುರವನ್ನು ನೆನೆದರೆ ಈಗ ಕರುವಿನ ಸಾವಿಗಿಂತ ಹೆಚ್ಚು ಅಸಹ್ಯವಾಗುತ್ತದೆ.

ಮಾತಿಗೆ ಕಾಲಿಲ್ಲದಿದ್ದರೂ ಅದು ಜೀಪಿಗಿಂತ ಜೋರಾಗಿ ಓಡಿತು. ಹದಿನೈದು ದಿನ ಕಳೆದು ಬಬಲೇಶ್ವರದ ಸಂತೆಯ ದಿನ. ದವಾಖಾನೆಯ ಬಾಗಿಲಲ್ಲಿ ದಸ್ತಗೀರ್ ಚಾಚಾ ನಿಂತಿದ್ದ. ಮೈಮೇಲೆ ಇಸ್ತ್ರಿ ಮಾಡಿದ ಅಂಗಿ, ಕೈಯ ಕರಿಯನ್ನು ತಿಕ್ಕಿ ತಿಕ್ಕಿ ತೊಳೆದಿದ್ದ. ಅಂಗಡಿ ಮುಚ್ಚಿ ಬಸ್ಸಿನಲ್ಲಿ ಬಂದಿದ್ದ. ಕುಳಿತುಕೊಳ್ಳಿ ಎಂದರೂ ಕೂರಲಿಲ್ಲ.

"ಬಾಯಾರ, ಒಂದ ಮಾತ ಕೇಳಾಕ ಬಂದೀನ್ರಿ. ನಾ ನಿಮಗ ಮೋಸಾ ಮಾಡೀನಿ ಅಂತ ಘೋಣಸಗ್ಯಾಗ ನೀವು ಅಂದೀರಂತ. ಖರೇನ?"

ಅವನು ಕೇಳಿದ್ದು ಜಗಳಕ್ಕಲ್ಲ. ಇಲ್ಲ ಅನ್ನಲಿ ಎಂಬ ಆಸೆ ಅವನ ಮುಖದಲ್ಲೇ ಇತ್ತು. ನಾನು ಆ ಆಸೆಯನ್ನೇ ಹಿಡಿದುಕೊಂಡೆ.

"ಏ, ನಾ ಯಾಕ ಹಂಗ ಅನ್ಲಿ ಚಾಚಾ? ಮಂದಿ ಒಂದಕ್ಕ ಎರಡ ಹಚ್ಚಿ ಹೇಳ್ತಾರ."

ಅವನ ಹೆಗಲು ಕೆಳಗಿಳಿಯಿತು. "ನಾನೂ ಅದನ್ನ ಅಂದ್ಯರಿ! ಕಲ್ತ ಬಾಯಾರು ಹಂಗ ಅನ್ನೂವ್ರಲ್ಲ ಅಂದೆ. ನನಗ ಸಾಕು, ನಿಮ್ಮ ಬಾಯಲೆ ಕೇಳಿದ್ನಲ್ಲ" ಎಂದು ಖುಷಿಯಿಂದ ಹೊರಗೆ ಹೋದ.

ದವಾಖಾನೆಯ ಎದುರಿಗೆ ಚಹಾದಂಗಡಿ. ಸಂತೆಗೆ ಬಂದ ತೋಟದವರು ಅಲ್ಲಿ ತುಂಬಿದ್ದರು. ಚಾಚಾ ನೇರ ಅಲ್ಲಿಗೆ ಹೋಗಿ ದೊಡ್ಡ ದನಿಯಲ್ಲಿ, "ಈಗ ಕೇಳಿ ಬಂದೀನಿ. ಬಾಯಾರ ನನ್ನ ಮುಂದ ಹೇಳ್ಯಾರ, ಹಂಗ ಅಂದೇ ಇಲ್ಲಂತ!" ಎಂದ. ಬೆಂಚಿನ ಮೇಲಿದ್ದ ಒಬ್ಬ, ಪರಪ್ಪ ಅಂತ, ಘೋಣಸಗಿಯವನೇ, ಸಂಗಪ್ಪನ ಪಕ್ಕದ ವಸ್ತಿಯವನು, ತಣ್ಣಗೆ ಹೇಳಿದ. "ಚಾಚಾ, ನಾ ಅಲ್ಲೇ ನಿಂತಿದ್ದೆ. ನನ್ನ ಕಿವ್ಯಾರೆ ಕೇಳೀನಿ. ಮೋಸಾ ಮಾಡಿದ್ದಲ್ದ ಈಗ ಬಾಯಾರ ಮ್ಯಾಲ ಸುಳ್ಳ ಬ್ಯಾರೆ ಹೇಳತಿ?" ಜನ ನಕ್ಕರು. ಚಾಚಾ ತಿರುಗಿ ದವಾಖಾನೆಯ ಕಿಟಕಿಯ ಕಡೆ ನೋಡಿದ. ನಾನು ಕಿಟಕಿಯಲ್ಲೇ ಇದ್ದೆ. ಬರಲಿ, ಹೊರಗೆ ಬಂದು ಒಂದು ಮಾತು ಹೇಳಲಿ ಎಂದು ಅವನು ಕಾದ. ನಾನು ಎರಡು ಹೆಜ್ಜೆ ಹಿಂದೆ ಸರಿದು ಔಷಧದ ಕಪಾಟಿನ ಮರೆಗೆ ನಿಂತೆ. ಮತ್ತೆ ಇಣುಕಿ ನೋಡುವಷ್ಟರಲ್ಲಿ ಅವನು ಬಸ್ ನಿಲ್ದಾಣದ ಕಡೆ ನಡೆದಿದ್ದ.

ಆ ಹಿಂಗಾರಿಯ ಉಳಿದ ದಿನಗಳಲ್ಲಿ ಜೋಳ ಮೊಣಕಾಲೆತ್ತರ ಬಂತು, ತೋಟಗಳಲ್ಲಿ ದ್ರಾಕ್ಷಿಯ ಬಳ್ಳಿ ಕತ್ತರಿಸುವ ಚಾಟ್ನಿ ನಡೆಯಿತು. ಟ್ರ್ಯಾಕ್ಟರುಗಳಿಗೆ ಕೈತುಂಬ ಕೆಲಸದ ಕಾಲ. ಚಾಚಾನ ಅಂಗಡಿಯ ಮುಂದೆ ಪ್ರತಿವರ್ಷ ನಿಲ್ಲುತ್ತಿದ್ದಷ್ಟು ಟ್ರ್ಯಾಕ್ಟರುಗಳು ನಿಂತಿದ್ದವೋ ಇಲ್ಲವೋ ನನಗೆ ತಿಳಿಯದು. ನಾನು ಟಿಕೋಟಾಕ್ಕೆ ಊರು ಸುತ್ತಿ ಬೇರೆ ದಾರಿಯಿಂದ ಹೋಗಲು ಶುರು ಮಾಡಿದ್ದೆ. ಬೇಸಗೆಗೆ ವರ್ಗವಾಯಿತು. ಜೀಪು ಮಾರಿದೆ. ಕೊಂಡವನು ಟೈರನ್ನು ನೋಡಿ ಬಹಳ ಮೆಚ್ಚಿದ.

ಈ ವರ್ಷ ಮತ್ತೆ ವಿಜಯಪುರಕ್ಕೆ ವರ್ಗವಾಗಿ ಬಂದೆ. ಬಂದು ಮೂರು ತಿಂಗಳಾದರೂ ಅಥಣಿ ರಸ್ತೆಯ ಕಡೆ ಕಾಲಿಟ್ಟಿರಲಿಲ್ಲ. ಆ ಹೊಸ ಡಾಕ್ಟರರು ಫೋಟೋ ತೋರಿಸಿದ ಮರುದಿನ, "ಟೈರ್ ಈಗ ತಗೋಬ್ಯಾಡ್ರಿ, ನಾ ಒಬ್ಬರನ್ನ ಕೇಳಿ ಹೇಳ್ತೀನಿ" ಎಂದೆ. ಹೇಳಿದ ಮೇಲೆ ಹೋಗಲೇಬೇಕಾಯಿತು.

ಚಾಚಾ ಇದ್ದ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಅಂಗಡಿಯಲ್ಲಿ ದೊಡ್ಡ ಟೈರು ಒಂದೂ ಕಾಣಲಿಲ್ಲ, ಮೋಟರ್‌ಸೈಕಲ್ಲಿನ ಟೈರು, ಟ್ಯೂಬು ತೂಗುಹಾಕಿದ್ದವು. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದ. "ಬರ್ರಿ" ಎಂದ, ಅಷ್ಟೇ.

ನಾನು ಮನೆಯಿಂದ ಕಟ್ಟಿಕೊಂಡು ಹೋದ ಮಾತೆಲ್ಲ ಅಲ್ಲಿಯೇ ಬಿಚ್ಚಿಹೋಯಿತು. "ಚಾಚಾ, ಅವತ್ತ ಘೋಣಸಗ್ಯಾಗ ನಾ ಅಂದದ್ದು ಖರೆ. ನಿಮ್ಮ ಮುಂದ ಇಲ್ಲ ಅಂದದ್ದು ಸುಳ್ಳ. ತಪ್ಪಾತು" ಎಂದೆ.

ಅವನು ಕೈಯಲ್ಲಿದ್ದ ಟ್ಯೂಬನ್ನು ಉಸುಕಿನ ಕಾಗದದಿಂದ ಉಜ್ಜುತ್ತಲೇ ಇದ್ದ. ತೇಪೆ ಹಚ್ಚಿ ಒತ್ತಿದ ಮೇಲೆ ಮಾತಾಡಿದ. "ನೀವು ತಪ್ಪಾತು ಅಂದ್ರ ನಾ ಹೋಗ್ಲಿ ಬಿಡ್ರಿ ಅನ್ನಬೇಕು, ರೀತಿ ಹಂಗ ಐತಿ. ನಾ ಅನ್ನೂದಿಲ್ರಿ. ನಿಮ್ಮ ಒಂದ ಮಾತಿಗೆ ಬೀಳೂವಷ್ಟು ನನ್ನ ಅಂಗಡಿ ಹಗುರ ಇರಲಿಲ್ಲ. ದೊಡ್ಡ ಟೈರ್ ಎತ್ತೂ ಕಸುವಿಲ್ಲ, ಬಿಟ್ಟೆ. ಆದ್ರ ಘೋಣಸಗಿಯವ್ರು ನಮ್ಮಪ್ಪನ ಕಾಲದಿಂದ ಬರ್ತಿದ್ರು. ಮದವಿಗೆ ಕರೀತಿದ್ರು. ಈಗ ರಸ್ತಾದಾಗ ಎದುರ ಸಿಕ್ರ ಮಾರಿ ತಿರವ್ತಾರ. ಅವ್ರ ಕಣ್ಣಾಗ ನಾ ಮೋಸಗಾರ, ಸುಳ್ಳಗಾರ, ಎರಡೂ."

"ಏನ್ ಮಾಡ್ಲಿ ಹೇಳ್ರಿ" ಎಂದೆ.

ಈಗ ತಲೆಯೆತ್ತಿದ. ಹಳೆಯ ಸಿಟ್ಟು ಕಣ್ಣಿಗೆ ಬಂದಿತ್ತು. "ನನಗ ಬಂದು ಯಾಕ ಹೇಳ್ತೀರಿ? ನನಗ ಅವತ್ತ ಕಿಟಕ್ಯಾಗ ನಿಮ್ಮನ್ನ ನೋಡಿದಾಗ್ಲೆ ಗೊತ್ತಾತು. ಗೊತ್ತಿಲ್ಲದವ್ರಿಗೆ ಹೋಗಿ ಹೇಳ್ರಿ."

ಮುಂದಿನ ಭಾನುವಾರ ಬಸ್ಸಿನಲ್ಲಿ ಘೋಣಸಗಿಗೆ ಹೋದೆ. ರಸ್ತೆಗೆ ಇಳಿದು ಗಡಿಯಾರ ನೋಡಿಕೊಂಡು ನಡೆದೆ. ಒಣದಾರಿಯಲ್ಲಿ ಸಂಗಪ್ಪನ ವಸ್ತಿಗೆ ಹದಿನೆಂಟು ನಿಮಿಷವಾಯಿತು.

ಗಂಡ ಹೆಂಡತಿ ಇಬ್ಬರೂ ಇದ್ದರು. ಕಟ್ಟೆಯ ಮೇಲೆ ಹಾಸಿ ಕೂರಿಸಿದರು. ನೀರು ಕೊಟ್ಟರು. ನಾನು ಕುಡಿಯುವ ಮೊದಲೇ ಹೇಳಿದೆ. ಟೈರು ಆರಿಸಿದವಳು ನಾನೇ. ಚಾಚಾ ಮಣ್ಣು ಹಚ್ಚಿ ತೋರಿಸಿ ಬೇಡ ಅಂದಿದ್ದ. ಮಳೆಯಲ್ಲಿ ಗಾಡಿ ಇಳಿಸಬೇಡ ಎಂದೂ ಅಂದಿದ್ದ. ಗಾಡಿ ಕೆಸರಿನಲ್ಲಿ ಸಿಕ್ಕ ಮೇಲೂ ನಡೆದು ಬರಬಹುದಿತ್ತು, ಬರಲಿಲ್ಲ. ಎಲ್ಲ ಹೇಳಿ ಮುಗಿಸಿದ ಮೇಲೆ ನೀರು ಕುಡಿದೆ.

ಸಂಗಪ್ಪ ನೆಲ ನೋಡುತ್ತ ಕೇಳಿದ. "ಸಿಕ್ಕ ಕೂಡ್ಲೆ ನಡಕೋತ ಬಂದಿದ್ರ ಕರಾ ಉಳೀತಿತ್ತೇನ್ರಿ?"

ಈ ಪ್ರಶ್ನೆ ಬರುತ್ತದೆಂದು ಗೊತ್ತಿತ್ತು. ಡಾಕ್ಟರರಿಗೆ ಇಂಥ ಪ್ರಶ್ನೆಗಳಿಂದ ಜಾರಿಕೊಳ್ಳಲು ಹತ್ತು ಉತ್ತರಗಳಿರುತ್ತವೆ.

"ಉಳೀತಿತ್ತು" ಎಂದೆ.

ಅವನು ಎದ್ದು ಎಮ್ಮೆ ಮೇಯುವ ಗೋದಲಿಯ ಕಡೆ ಹೋಗಿ ನಮಗೆ ಬೆನ್ನು ಮಾಡಿ ನಿಂತ. ಗೌರವ್ವ ನನ್ನನ್ನೇ ನೋಡುತ್ತಿದ್ದಳು. ಬೈಯಲಿ ಅನ್ನಿಸಿತು. ಬೈದರೆ ಕೇಳಿಸಿಕೊಂಡು, ಕಣ್ಣೀರು ಹಾಕಿ, ಮೂರು ಗಂಟೆಯ ಬಸ್ಸಿಗೆ ಹೊರಡಬಹುದು ಎಂದು ನನ್ನೊಳಗಿನ ಕಳ್ಳ ಮನಸ್ಸು ಲೆಕ್ಕ ಹಾಕುತ್ತಿತ್ತು. ಅವಳು ಬೈಯಲಿಲ್ಲ.

"ಅವತ್ತ ನೀವು ಚಾಚಾನ ಹೆಸರ ತಗೊಂಡಾಗ ಈ ಅಂಗಳದಾಗ ಇಪ್ಪತ್ತ ಮಂದಿ ನಿಂತಿದ್ರು" ಎಂದಳು. "ಇವತ್ತ ಇಬ್ಬರಿಗೆ ಹೇಳಿ ಹೋದ್ರ ಹೆಂಗ ಬರಾಬರಿ ಆಗ್ತೈತ್ರಿ? ಕುಂಡ್ರಿ. ಕರಕೊಂಡ ಬರ್ತೀನಿ."

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು. ಬಸ್ಸಿಗೆ ಹೊತ್ತಾಗುತ್ತದೆ ಎಂಬ ಮಾತು ನನ್ನ ಗಂಟಲಿಗೆ ಬಂದಿತ್ತು, ನುಂಗಿಕೊಂಡೆ. ಪಕ್ಕದ ವಸ್ತಿಯಲ್ಲಿ ಅವಳ ದನಿ ಕೇಳಿತು, ಆಮೇಲೆ ಅದರಾಚೆಯ ವಸ್ತಿಯಲ್ಲಿ. ಒಬ್ಬೊಬ್ಬರೇ ಬರತೊಡಗಿದರು. ದ್ರಾಕ್ಷಿ ಕತ್ತರಿಸುತ್ತಿದ್ದವರು ಕತ್ತರಿ ಹಿಡಿದೇ ಬಂದರು, ರೊಟ್ಟಿ ಬಡಿಯುತ್ತಿದ್ದವರು ಹಿಟ್ಟಿನ ಕೈಯಲ್ಲೇ ಬಂದರು. ಪರಪ್ಪನೂ ಬಂದು ಎಲ್ಲರಿಗಿಂತ ಮುಂದೆ ನಿಂತ. ಗೌರವ್ವ ಕಡೆಗೆ ಬಂದು ಎಣಿಸುವವಳ ಹಾಗೆ ಎಲ್ಲರನ್ನೂ ನೋಡಿ, "ಹೂಂ, ಹೇಳ್ರಿ ಬಾಯಾರ" ಎಂದಳು.

ನಾನು ಎದ್ದು ನಿಂತು, ದಸ್ತಗೀರ್ ಚಾಚಾನ ಹೆಸರಿನಿಂದ ಶುರು ಮಾಡಿದೆ.